ಕೋಟೆಯೊಳಗಿನ ಶಾಂತಿ

ಯುದ್ಧದ ಚಿತ್ರಗಳಲ್ಲಿ ಶತ್ರು ಹೊರಗಿರುತ್ತಾನೆ. ಕಥೆಗಾರನ ಕೆಲಸ ಸುಲಭ. ಯುದ್ಧ ಮುಗಿದ ಮೇಲೆ ಸೈನಿಕನು ಯಾರೊಡನೆ ಕಾದಬೇಕು? ರೊನಾಲ್ಡ್ ನೀಮ್ ನಿರ್ದೇಶಿಸಿದ ‘ಟ್ಯೂನ್ಸ್ ಆಫ್ ಗ್ಲೋರಿ’ (1960) ಎತ್ತುವ ಪ್ರಶ್ನೆ ಇದು.

ಸ್ಕಾಟ್ಲೆಂಡಿನ ಒಂದು ಕೋಟೆ, ಚಳಿಗಾಲ. ಮೇಜರ್ ಜಾಕ್ ಸಿಂಕ್ಲೇರ್ (ಅಲೆಕ್ ಗಿನ್ನೆಸ್) ಬ್ಯಾಗ್‌ಪೈಪ್ ಊದುವ ಸಿಪಾಯಿಯಾಗಿದ್ದು, ಎಲ್ ಅಲಮೀನ್ ಕದನದಲ್ಲಿ ಹೆಸರು ಗಳಿಸಿ, ದಳವನ್ನೇ ತನ್ನ ಮನೆಯೆಂದು ಬಗೆದವನು. ಅವನ ಮೇಲಧಿಕಾರಿಯಾಗಿ ಬಂದ ಕರ್ನಲ್ ಬ್ಯಾರೋ (ಜಾನ್ ಮಿಲ್ಸ್) ಮನೆತನಸ್ಥ, ಓದಿದವನು, ಜಪಾನೀಯರ ಸೆರೆಯಲ್ಲಿ ನೊಂದವನು. ಔತಣಕೂಟದಲ್ಲಿ ಹೇಗೆ ಕುಣಿಯಬೇಕೆಂಬಷ್ಟು ಸಣ್ಣ ಮಾತಿಗೂ ಇಬ್ಬರಲ್ಲಿ ವಿರಸ. ಮಗಳೊಡನೆ ಕಂಡ ಕಾರ್ಪೊರಲನನ್ನು ಸಿಂಕ್ಲೇರ್ ಹೊಡೆಯುತ್ತಾನೆ. ವಿಚಾರಣೆಗೆ ಗುರಿಮಾಡಬಹುದಾಗಿದ್ದ ಬ್ಯಾರೋ ತೊಳಲಾಡಿ, ಕೊನೆಗೆ ಬಿಟ್ಟುಕೊಡುತ್ತಾನೆ. ಅದನ್ನು ದಳ ದೌರ್ಬಲ್ಯವೆಂದೇ ತಿಳಿಯುತ್ತದೆ. ಬ್ಯಾರೋ ತನಗೆ ತಾನೇ ಗುಂಡು ಹೊಡೆದುಕೊಳ್ಳುತ್ತಾನೆ. ಗೆದ್ದ ಸಿಂಕ್ಲೇರನ ಮನಸ್ಸೂ ಕುಸಿಯುತ್ತದೆ.

ನಮ್ಮ ಚಳ್ಳಕೆರೆ ಸೀಮೆಯವರಿಗೆ ಇದನ್ನು ನೋಡುವಾಗ ದುರ್ಗದ ದಳವಾಯಿ ಮುದ್ದಣ್ಣ ನೆನಪಾಗದಿರನು. ಇದೇ ತಾಲ್ಲೂಕಿನ ತಳುಕಿನ ಮನೆತನದ ತ.ರಾ.ಸು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ಹೇಳಿದ್ದೂ ಕೋಟೆಯೊಳಗಿನ ಕಾಳಗವನ್ನೇ: ಪಟ್ಟಕ್ಕೆ ಯಾರು ಕೂಡಬೇಕೆಂದು ಗೊತ್ತುಮಾಡುವ ದಳವಾಯಿ, ಅವನ ಪತನ, 1689ರಲ್ಲಿ ಭರಮಣ್ಣ ನಾಯಕನ ಉದಯ. ತ.ರಾ.ಸು. ಅವರ ಕಥನದ ಕಸುವಿಗೆ ಎಣೆಯಿಲ್ಲ. ಆದರೆ ಅಲ್ಲಿ ನಮ್ಮ ಪಕ್ಷ ಯಾವುದೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ತನ್ನದೇ ಕಾದಂಬರಿಯನ್ನು (1956) ಚಿತ್ರಕ್ಕೆ ಅಳವಡಿಸಿದ ಜೇಮ್ಸ್ ಕೆನವೇ ಮಾತ್ರ ನಮ್ಮ ಅನುಕಂಪವನ್ನು ಒಬ್ಬನಲ್ಲಿ ನೆಲೆಸಗೊಡುವುದಿಲ್ಲ. ದಳವಾಯಿಯನ್ನು ಅವನ ಒಳಗಿನಿಂದ ಕಂಡ ಕಾದಂಬರಿಯೊಂದು ಕನ್ನಡಕ್ಕೆ ಬೇಕೆಂದು ನನಗೆ ಅನಿಸುವುದು ಇದಕ್ಕಾಗಿಯೇ. ಖಳನನ್ನು ಕೊಂದರೆ ಕಥೆ ಮುಗಿಯುತ್ತದೆ. ಮನುಷ್ಯನನ್ನು ಅರಿತರೆ ಚರಿತ್ರೆ ತೆರೆಯುತ್ತದೆ.

ಚಿತ್ರದಲ್ಲಿ ಕೊರತೆಗಳಿಲ್ಲದಿಲ್ಲ. ಸ್ತ್ರೀಪಾತ್ರಗಳು ತೆಳು, ಸಿಂಕ್ಲೇರನ ಕುಸಿತ ಅವಸರದ್ದು. ಆದರೂ ಇಬ್ಬರು ನಟರ ಸಂಯಮ ಇವನ್ನು ಮರೆಸುತ್ತದೆ. ಮಿಲ್ಸ್‌ಗೆ ವೆನಿಸ್ ಉತ್ಸವದ ಶ್ರೇಷ್ಠ ನಟ ಪ್ರಶಸ್ತಿ ಸಂದದ್ದು ಉಚಿತವೇ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೋದ ಅಪ್ಪಣೆ ಅದು; ಆಜ್ಞೆಗೆ ಮುಂಚೆ ಅವರ ಆರೋಗ್ಯವನ್ನು ಹಾರೈಸುತ್ತದೆ. ಕದನ ಬಿಟ್ಟ ದೊರೆಯ ಆಡಳಿತಕ್ಕೆ ತಿಳಿದಿದ್ದ ಈ ಸಣ್ಣ ಸೌಜನ್ಯ ಆ ಕೋಟೆಯ ಇಬ್ಬರು ಅಧಿಕಾರಿಗಳಿಗೂ ಒದಗಲಿಲ್ಲ.