ಹೂವು ಬಿಡಿ, ಅಂಚು ನೋಡಿ

ಗಂಗಾವತಿಯ ಅಂಗಡಿಯಲ್ಲಿ ಒಳ್ಳೆಯ ಬರ್ನ್‌ಔಟ್ ಅಂಗಿ ಬಿಚ್ಚಿ ಹಾಸಿದರೂ ಗಿರಾಕಿ ಕೇಳುವುದು ಒಂದೇ: 'ಇದಕ್ಕಿಂತ ದೊಡ್ಡ ಹೂವಿಂದು ಇಲ್ಲೇನ್ರೀ?' ನನಗೆ ಮೈ ಉರಿಯುತ್ತದೆ. ಹೂವೇ ಬೇಕಿದ್ದರೆ ಹಾಸಿಗೆ ಚಾದರ ಹೊದ್ದುಕೊಂಡು ಅಡ್ಡಾಡಲಿ. ನೋಡಬೇಕಾದದ್ದು ಹೂವಿನ ಅಂಚು, ಹತ್ತಿ ಮುಗಿದು ಪಾಲಿಯೆಸ್ಟರ್ ಒಂದೇ ಉಳಿಯುವ ಆ ಗೆರೆ.

ಬರ್ನ್‌ಔಟ್ ಅಂದರೆ ಇಷ್ಟೇ: ಹತ್ತಿ, ಪಾಲಿಯೆಸ್ಟರ್ ಬೆರೆತ ಬಟ್ಟೆಯ ಮೇಲೆ ಸ್ಕ್ರೀನಿನಿಂದ ಒತ್ತಿದ ಸೋಡಿಯಂ ಬೈಸಲ್ಫೇಟ್ ಅಂಟು ಒಣಗಿ ಕಾದಾಗ ಹತ್ತಿಯನ್ನಷ್ಟೇ ತಿನ್ನುತ್ತದೆ. ತೊಳೆದರೆ ಸುಟ್ಟ ಹತ್ತಿ ಪುಡಿಯಾಗಿ ಹೋಗಿ ಜಾಲರಿ ಉಳಿಯುತ್ತದೆ. ಅಂಟು ತೆಳುವಾಗಿದ್ದರೆ ಎಳೆಗುಂಟ ಹರಿದು ಎಲೆಗೆಲ್ಲ ಮೀಸೆ ಮೂಡುತ್ತದೆ. ಮೀಸೆಯಿಲ್ಲದ ಎಲೆ ಕಂಡರೆ ಒತ್ತಿದವನಿಗೆ ಮನಸ್ಸಿನಲ್ಲೇ ಕೈ ಮುಗಿಯಿರಿ. ಕುಷ್ಟಗಿ ಕಡೆ ಇಳಕಲ್ ಸೀರೆ ಕೊಳ್ಳುವ ಹಿರಿಯ ಹೆಂಗಸರಿಗೆ ಅಂಚು ನೋಡುವುದನ್ನು ಹೇಳಿಕೊಡಬೇಕಿಲ್ಲ. ಟೋಪ್ ತೆನಿ ಸೆರಗಿನ ಕೆಂಪಿಗೆ ಮರುಳಾಗುವ ಮೊದಲೇ ಅವರ ಬೆರಳು ಕೊಂಡಿಯ ಮೇಲಿರುತ್ತದೆ. ಒಡಲಿನ ಹಾಸು ಸೆರಗಿನ ಹಾಸಿಗೆ ಕುಣಿಕೆಯಾಗಿ ಸೇರುವುದು ಅಲ್ಲೇ ತಾನೆ! ಅಲ್ಲಿ ಕೂಡುವ ಜಾಗ, ಇಲ್ಲಿ ಕಳೆಯುವ ಜಾಗ. ನೇಕಾರನ ಮರ್ಯಾದೆಯೂ ಪ್ರಿಂಟರನ ಮರ್ಯಾದೆಯೂ ಆ ಗೆರೆಯಲ್ಲೇ ಇದೆ.

ನನ್ನ ಕಣ್ಣು ತೆರೆದದ್ದು ಯಲಬುರ್ಗಾದಲ್ಲಿ, ಸೋದರಮಾವನ ಮಾಳಿಗೆಯ ಮೇಲೆ. ಹಗ್ಗಕ್ಕೆ ಒಣಹಾಕಿದ್ದ ಬೂದು ಅಂಗಿಯನ್ನು ನಾನು ತಿರುಗಿಯೂ ನೋಡಿರಲಿಲ್ಲ. ಬೆಳಗಿನ ಬಿಸಿಲು ಬಿದ್ದದ್ದೇ ಎದುರಿನ ಸುಣ್ಣದ ಗೋಡೆಯ ಮೇಲೆ ಅಂಗಿಯ ನೆರಳು ಬಂತು. ಆ ನೆರಳಿನೊಳಗೆ ಬೆಳಕಿನ ಬಳ್ಳಿ. ಗಾಳಿಗೆ ಬಳ್ಳಿ ಅಲುಗಿತು. ಅವತ್ತು ಚಹಾ ಆರಿಹೋಯಿತು.

ಆ ಹುಚ್ಚಿಗೆ ಭಾಗ್ಯನಗರದಲ್ಲಿ ಗೆಳೆಯನ ಮೇಜಿನ ಮೇಲೆ ನಾನೂ ಒತ್ತಿದೆ. ಇಸ್ತ್ರಿಯ ಕೆಳಗೆ ಅಂಟು ತಿಳಿಗಂದಾಗಿ, ಕಂದಾಗುವಾಗಲೇ ನಿಲ್ಲಿಸಬೇಕಿತ್ತು. ಕಪ್ಪಾಗುವವರೆಗೆ ಒತ್ತಿ ಹಿಡಿದೆ. ಕಲೆ ಇವತ್ತಿಗೂ ಹೋಗಿಲ್ಲ. ಎರಡನೆಯ ಅಂಗಿ ಅಪ್ಪಟ ಹತ್ತಿಯದೆಂದು ತಿಳಿದದ್ದು ತೊಳೆದ ಮೇಲೆ. ಬಳ್ಳಿಯಿದ್ದಲ್ಲಿ ಬಳ್ಳಿಯಾಕಾರದ ತೂತು! ಮೂರನೆಯದು ಶಾಲೆಯ ಯೂನಿಫಾರ್ಮಿನ ಟೆರಿಕಾಟ್. ಅದರಲ್ಲಿ ಹತ್ತಿಯೇ ಕಡಿಮೆ, ಹೋದದ್ದು ಗೊತ್ತೇ ಆಗಲಿಲ್ಲ.

ಕೊಳ್ಳುವಾಗ ಇಷ್ಟು ಮಾಡಿ: ಅಂಗಡಿಯವನು ಗುರುಗುಟ್ಟಿದರೂ ಅಂಗಿಯನ್ನು ಬಾಗಿಲ ಬಿಸಿಲಿಗೆ ಒಯ್ಯಿರಿ. ಬಿಳಿ ಬಣ್ಣ ಬಳಿದು ಬರ್ನ್‌ಔಟ್ ಎಂದು ಮಾರುವ ಮಾಲು ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನು, ಬಿಳಿ ಅಂಗಿಯ ಒಳಗೆ ಬಿಳಿ ಬನಿಯನ್ ಹಾಕಿಕೊಂಡು ಜಾತ್ರೆಗೆ ಬರಬೇಡಿ, ಬಳ್ಳಿ ಕಾಣುವುದಿಲ್ಲ.