ಕರಡೋ ಕೃತಿಯೋ? ಹಾರ್ಪರ್ ಲೀ ಅವರ ಮೊದಲ ಕಾದಂಬರಿಯ ಪ್ರಕಟನ ವಿಚಾರ

ಗ್ರಂಥಕರ್ತನು ಬರೆದು, ಲೋಕಕ್ಕೆ ಒಪ್ಪಿಸದೆ ಉಳಿಸಿದ ಬರಹವನ್ನು ಅನಂತರದವರು ಪ್ರಕಟಿಸಬಹುದೇ ಎಂಬ ಪ್ರಶ್ನೆ ಹಸ್ತಪ್ರತಿಗಳೊಡನೆ ವ್ಯವಹರಿಸುವವರಿಗೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ನಮ್ಮ ಪ್ರಾಚೀನ ಕವಿಗಳ ವಿಷಯದಲ್ಲಿ ಅದು ಅಷ್ಟು ತೀವ್ರವಾಗಿ ಏಳುವುದಿಲ್ಲ. ಪಂಪನ ಸ್ವಹಸ್ತದ ಓಲೆ ಒಂದೂ ನಮಗೆ ದೊರೆತಿಲ್ಲ. ದೊರೆತಿರುವುದೆಲ್ಲ ಲಿಪಿಕಾರರು ಮಾಡಿಕೊಂಡ ಪ್ರತಿಗಳ ಪ್ರತಿಗಳು. ಕವಿಯು ಮೊದಲು ಹೇಗೆ ಬರೆದನು, ಬಳಿಕ ಏನನ್ನು ಹೊಡೆದುಹಾಕಿದನು ಎಂಬುದನ್ನು ಅಲ್ಲಿ ಊಹಿಸಲು ಸಹ ಅವಕಾಶ ಅತ್ಯಲ್ಪ. ಬೆರಳಚ್ಚು ಯಂತ್ರದ ಕಾಲದ ಲೇಖಕರ ಸ್ಥಿತಿ ಬೇರೆ. ಅವರ ಕರಡುಗಳು ಪೆಟ್ಟಿಗೆಯಲ್ಲಿ ಉಳಿಯುತ್ತವೆ, ಕೆಲವೊಮ್ಮೆ ಲೇಖಕರ ಕೀರ್ತಿ ಪೂರ್ಣವಾಗಿ ನೆಲೆಗೊಂಡ ಮೇಲೆ ಹೊರಬರುತ್ತವೆ. ಇಂಥ ಪ್ರಸಂಗಗಳಲ್ಲಿ ಅತ್ಯಂತ ಚರ್ಚಿತವಾದ ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರದನ್ನು ಪ್ರಕೃತ ಲೇಖನದಲ್ಲಿ ಗ್ರಂಥಸಂಪಾದನೆಯ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಪತ್ರಿಕೆಗಳಲ್ಲಿ ಈ ವಾದವು ಬಹುಮಟ್ಟಿಗೆ ಭಾವನೆಯ ನೆಲೆಯಲ್ಲಿಯೇ ನಡೆಯಿತು. ಪ್ರತಿಯ ನೆಲೆಯಲ್ಲಿ ನಡೆದದ್ದು ಕಡಿಮೆ.

ಆಲಬಾಮಾ ರಾಜ್ಯದ ಮನ್ರೋವಿಲ್ ಎಂಬ ಸಣ್ಣ ಊರಿನಲ್ಲಿ ೧೯೨೬ರಲ್ಲಿ ಜನಿಸಿದ ಲೀ ಅವರು ೧೯೬೦ರ ಜುಲೈ ತಿಂಗಳಲ್ಲಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದಿತು, ೧೯೬೨ರಲ್ಲಿ ಚಲನಚಿತ್ರವಾಯಿತು. ಮಾಡದ ಅಪರಾಧವನ್ನು ಹೊತ್ತ ಕರಿಯನೊಬ್ಬನ ಪರವಾಗಿ ಊರಿನ ಬಿಳಿಯರ ವಿರೋಧವನ್ನು ಕಟ್ಟಿಕೊಂಡು ವಾದಿಸುವ ವಕೀಲ ಆಟಿಕಸ್ ಫಿಂಚ್‌ನ ಕಥೆಯನ್ನು ಅವನ ಮಗಳು ಸ್ಕೌಟ್ ಹೇಳುತ್ತಾಳೆ. ಅಮೆರಿಕದ ಶಾಲೆಗಳಲ್ಲಿ ಅದು ಪಾಠ್ಯವಾಯಿತು, ತಂದೆತಾಯಂದಿರು ಮಕ್ಕಳಿಗೆ ಆಟಿಕಸ್ ಎಂದು ಹೆಸರಿಟ್ಟರು. ಅನಂತರ ಐವತ್ತೈದು ವರ್ಷಗಳ ಕಾಲ ಲೀ ಅವರಿಂದ ಮತ್ತೊಂದು ಪುಸ್ತಕ ಬರಲಿಲ್ಲ. ೨೦೧೫ರ ಫೆಬ್ರವರಿ ೩ರಂದು, ಆಕೆಯ ಮತ್ತೊಂದು ಕಾದಂಬರಿ ದೊರೆತಿದೆಯೆಂದು ಹಾರ್ಪರ್‌ಕಾಲಿನ್ಸ್ ಸಂಸ್ಥೆ ಪ್ರಕಟಿಸಿತು. ‘ಗೋ ಸೆಟ್ ಎ ವಾಚ್‌ಮನ್’ ಎಂಬ ಆ ಪುಸ್ತಕ ಅದೇ ವರ್ಷ ಜುಲೈ ೧೪ರಂದು ಹೊರಬಂದಿತು. ಮೊದಲ ಮುದ್ರಣವೇ ಇಪ್ಪತ್ತು ಲಕ್ಷ ಪ್ರತಿಗಳದು.

ಇದರಲ್ಲಿ ಸ್ಕೌಟ್ ಇಪ್ಪತ್ತಾರು ವರ್ಷದ ತರುಣಿ. ಜೀನ್ ಲೂಯಿಸ್ ಎಂಬುದು ಅವಳ ಪೂರ್ಣ ಹೆಸರು. ನ್ಯೂಯಾರ್ಕಿನಿಂದ ರಜೆಗೆಂದು ಊರಿಗೆ ಬಂದವಳು, ಕರಿಯರ ಸಮಾನತೆಯನ್ನು ತಡೆಯಲು ಕಟ್ಟಿದ ಬಿಳಿಯ ನಾಗರಿಕರ ಸಭೆಯೊಂದರಲ್ಲಿ ತನ್ನ ತಂದೆ ಕುಳಿತಿರುವುದನ್ನು ಕಾಣುತ್ತಾಳೆ. ಎಪ್ಪತ್ತೆರಡು ವಯಸ್ಸಿನ ಆಟಿಕಸ್ ಇಲ್ಲಿ ಜನಾಂಗ ಪ್ರತ್ಯೇಕತೆಯ ಸಮರ್ಥಕ. ಓದುಗರ ಆಘಾತ ಎಷ್ಟಿತ್ತೆಂದರೆ, ಕೊಂಡ ಪುಸ್ತಕದ ಹಣವನ್ನು ಹಿಂದಿರುಗಿಸಲು ಮುಂದೆ ಬಂದ ಪುಸ್ತಕದಂಗಡಿಯೂ ಉಂಟು. ಪೂಜ್ಯನು ಮುದುಕನಾದಾಗ ಹೀಗಾದನು ಎಂದೇ ಬಹು ಮಂದಿ ತಿಳಿದರು. ಈ ತಿಳಿವಳಿಕೆಯೇ ತಪ್ಪೆಂಬುದು ನಮ್ಮ ಮತ. ಅದನ್ನು ತೋರಿಸಲು ಹೊರಗಿನ ಸಾಕ್ಷ್ಯ, ಒಳಗಿನ ಸಾಕ್ಷ್ಯ ಎರಡೂ ಇವೆ.

ಹೊರಗಿನ ಸಾಕ್ಷ್ಯ ಹೀಗಿದೆ. ಲೀ ಅವರ ಸಾಹಿತ್ಯ ಪ್ರತಿನಿಧಿಗಳ ಕಚೇರಿಯ ದಾಖಲೆಗಳು ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿ ಉಳಿದಿವೆ. ‘ವಾಚ್‌ಮನ್’ ಎಂಬ ಶೀರ್ಷಿಕೆಯ ಬರಹವು ೧೯೫೭ರ ಜನವರಿಯಿಂದ ಮೊದಲ್ಗೊಂಡು ಫೆಬ್ರವರಿಯ ವೇಳೆಗೆ ಕಂತುಕಂತಾಗಿ ಅವರ ಕೈ ಸೇರಿತೆಂದು ಅವುಗಳಿಂದ ತಿಳಿಯುತ್ತದೆ. ಅದೇ ವರ್ಷ ಲಿಪ್ಪಿನ್‌ಕಾಟ್ ಎಂಬ ಪ್ರಕಾಶನ ಸಂಸ್ಥೆ ಅದನ್ನು ಸ್ವೀಕರಿಸಿತು. ಅಲ್ಲಿನ ಸಂಪಾದಕಿ ಟೇ ಹೊಹಾಫ್ ಅವರಿಗೆ ಬರಹದ ಕಸುವು ಕಂಡಿತು. ಆದರೆ ಅದು ಬಿಡಿ ಪ್ರಸಂಗಗಳ ಸಮೂಹವಾಗಿದೆ, ಕಾದಂಬರಿಯ ಬಂಧ ಇನ್ನೂ ಏರ್ಪಟ್ಟಿಲ್ಲವೆಂದೂ ತೋರಿತು. ನಾಯಕಿಯ ಬಾಲ್ಯವನ್ನು ನೆನೆಯುವ ಭಾಗಗಳೇ ಸತ್ತ್ವಯುತವೆಂದು ಕಂಡು, ಬಾಲೆಯ ಕಣ್ಣಿನಿಂದಲೇ ಕಥೆಯನ್ನು ಮತ್ತೆ ಬರೆಯುವಂತೆ ಆಕೆ ಸೂಚಿಸಿದರು. ಎರಡು ವರ್ಷಕ್ಕೂ ಮಿಕ್ಕ ತಿದ್ದುಪಡಿಯ ಫಲವೇ ‘ಮಾಕಿಂಗ್‌ಬರ್ಡ್’. ಆದ್ದರಿಂದ ಎರಡನೆಯದಾಗಿ ಅಚ್ಚಾದದ್ದು ರಚನೆಯ ದೃಷ್ಟಿಯಿಂದ ಮೊದಲನೆಯದು.

ಒಳಗಿನ ಸಾಕ್ಷ್ಯ ಇನ್ನೂ ಬಲವಾದುದು. ಎರಡು ಪುಸ್ತಕಗಳಲ್ಲಿಯೂ ಮೇಕೋಂಬ್ ಎಂಬ ಊರಿನ ಪೂರ್ವಕಥೆ, ಸೋದರತ್ತೆ ಅಲೆಕ್ಸಾಂಡ್ರಾಳ ವರ್ಣನೆ ಮೊದಲಾದೆಡೆಗಳಲ್ಲಿ ವಾಕ್ಯಗಳೇ ಸಮಾನವಾಗಿವೆ, ಅಲ್ಪ ಪಾಠಭೇದದೊಡನೆ ಬರುತ್ತವೆ. ಲೇಖಕಿಯು ಹಳೆಯ ಬರಹದಿಂದ ಎತ್ತಿ ಹೊಸದರಲ್ಲಿ ಬಳಸಿಕೊಂಡದ್ದು ಇದರಿಂದ ಸ್ಪಷ್ಟ. ಆದರೆ ಸಾಮ್ಯಕ್ಕಿಂತಲೂ ವೈಷಮ್ಯವೇ ಇಲ್ಲಿ ನಿರ್ಣಾಯಕ. ‘ಮಾಕಿಂಗ್‌ಬರ್ಡ್’ ಕಾದಂಬರಿಯ ಹೃದಯವೆನಿಸಿದ ನ್ಯಾಯಾಲಯದ ಪ್ರಕರಣದಲ್ಲಿ ಆಪಾದಿತನಾದ ಟಾಮ್ ರಾಬಿನ್ಸನ್ ನಿರಪರಾಧಿಯಾಗಿದ್ದೂ ಶಿಕ್ಷೆಗೆ ಗುರಿಯಾಗುತ್ತಾನೆ. ಆ ಸೋಲಿನ ಮೇಲೆಯೇ ಆಟಿಕಸ್‌ನ ಔನ್ನತ್ಯ ನಿಂತಿದೆ. ‘ವಾಚ್‌ಮನ್’ ಪುಸ್ತಕದಲ್ಲಿಯೂ ಒಂಟಿ ತೋಳಿನ ಕರಿಯ ಹುಡುಗನೊಬ್ಬನ ಮೇಲೆ ಅಂಥದೇ ಆಪಾದನೆಯ ಪ್ರಕರಣ ನೆನಪಾಗಿ ಬರುತ್ತದೆ. ಅತಿ ಸಂಕ್ಷೇಪವಾಗಿ, ಹಾದುಹೋಗುವ ಮಾತಿನಂತೆ ಬರುತ್ತದೆ. ಅಲ್ಲಿ ಆಪಾದಿತನು ಬಿಡುಗಡೆ ಹೊಂದುತ್ತಾನೆ. ಉತ್ತರಭಾಗವೆಂದು ಬರೆದ ಕೃತಿಯಲ್ಲಿ ಪೂರ್ವಭಾಗದ ಮುಖ್ಯ ಘಟನೆಯೇ ತಲೆಕೆಳಗಾಗುವುದು ಸಾಧ್ಯವಿಲ್ಲ. ಕರಡಿನಲ್ಲಿ ಬೀಜರೂಪವಾಗಿದ್ದ ಘಟನೆ ಪರಿಷ್ಕರಣದಲ್ಲಿ ಬೆಳೆದು, ಬೆಳೆಯುವಾಗ ದಿಕ್ಕನ್ನೇ ಬದಲಿಸಿತು ಎಂದರೆ ಮಾತ್ರ ಈ ವಿರೋಧ ಪರಿಹಾರವಾಗುತ್ತದೆ. ಪ್ರಥಮ ಪುರುಷದ ನಿರೂಪಣೆ ಉತ್ತಮ ಪುರುಷಕ್ಕೆ ತಿರುಗಿದ್ದು, ನಾಯಕಿಯ ಪ್ರಣಯಿ ಹೆನ್ರಿ ಕ್ಲಿಂಟನ್ ಎಂಬವನು ಅಚ್ಚಾದ ಕೃತಿಯಿಂದ ಸಂಪೂರ್ಣವಾಗಿ ಮಾಯವಾದದ್ದು, ಇವೆಲ್ಲ ಅದಕ್ಕೆ ಪೋಷಕ.

ಹೀಗಿರುವಲ್ಲಿ ಒಂದು ಪುಸ್ತಕದ ಆಟಿಕಸ್ ವಯಸ್ಸಾಗಿ ಇನ್ನೊಂದರ ಆಟಿಕಸ್ ಆದನು ಎನ್ನುವುದು, ಒಂದೇ ಪದ್ಯದ ಎರಡು ಪಾಠಾಂತರಗಳನ್ನು ಎರಡು ಪದ್ಯಗಳೆಂದು ಎಣಿಸಿ ಅರ್ಥ ಹೇಳಿದಂತೆ. ಇಬ್ಬರೂ ಒಬ್ಬನೇ ಪಾತ್ರದ ಎರಡು ಪಾಠಗಳು. ಅಂಥ ಎಣಿಕೆ ಓದುಗರ ಅವಿವೇಕದಿಂದ ಬಂದದ್ದಲ್ಲ. ಹೊಸದಾಗಿ ದೊರೆತ ಕಾದಂಬರಿಯೆಂದು, ಪ್ರಿಯವಾದ ಪಾತ್ರಗಳ ಮುಂದಿನ ಬದುಕೆಂದು ತೋರುವಂತೆ ಅದನ್ನು ಮಾರುಕಟ್ಟೆಗೆ ಇಳಿಸಿದ್ದರಿಂದ ಬಂದದ್ದು. ಇದು ಕರಡು, ಇದರಿಂದ ಆ ಕೃತಿ ಹುಟ್ಟಿತು ಎಂದು ವಿವರಿಸುವ ಪೀಠಿಕೆಯೊಂದು ಪುಸ್ತಕದಲ್ಲಿರಲಿಲ್ಲ. ಬೆರಳಚ್ಚಿನ ಹಾಳೆಗಳೆಷ್ಟು, ಅವುಗಳ ಮೇಲೆ ಕೈಬರಹದ ತಿದ್ದುಪಡಿಗಳುಂಟೇ, ಇದ್ದರೆ ಲೇಖಕಿಯವೇ ಸಂಪಾದಕಿಯವೇ, ಇದು ೧೯೫೭ರಲ್ಲಿ ಒಪ್ಪಿಸಿದ ಪ್ರತಿಯೇ ಅಥವಾ ನಡುವಣ ಒಂದು ಹಂತವೇ, ಇಂಥ ಪ್ರತಿವರ್ಣನೆ ಏನೂ ಇಲ್ಲ. ಅತ್ಯಲ್ಪ ಅಕ್ಷರಶುದ್ಧಿಯ ಹೊರತು ಯಾವ ತಿದ್ದುಪಡಿಯನ್ನೂ ಮಾಡಿಲ್ಲವೆಂದು ಪ್ರಕಾಶಕರು ಹೆಮ್ಮೆಯಿಂದ ಹೇಳಿಕೊಂಡರು. ತಿದ್ದದಿರುವುದು ಸರಿಯೇ. ಆದರೆ ತಿದ್ದದೆ ಬಿಟ್ಟ ಪಾಠಕ್ಕೆ ಟಿಪ್ಪಣಿ ಬೇಡವೆಂದು ಯಾವ ಸಂಪಾದನಶಾಸ್ತ್ರವೂ ಹೇಳುವುದಿಲ್ಲ. ತ್ರುಟಿತವಾದ ಓಲೆಯೊಂದನ್ನು ಅಚ್ಚಿಗೆ ಕೊಡುವಾಗ ನಮ್ಮಲ್ಲಿ ಸಾಮಾನ್ಯ ವಿದ್ಯಾರ್ಥಿಯೂ ಮಾಡುವ ಕೆಲಸ ಇಲ್ಲಿ ನಡೆಯಲಿಲ್ಲ.

ಇಷ್ಟರಿಂದ ಪುಸ್ತಕವನ್ನು ಪ್ರಕಟಿಸಲೇ ಬಾರದಾಗಿತ್ತು ಎನ್ನುವ ಪಕ್ಷಕ್ಕೆ ನಾವು ಸೇರುವುದಿಲ್ಲ. ಆ ಪಕ್ಷದವರ ಮುಖ್ಯ ಯುಕ್ತಿ, ಲೇಖಕಿಯೇ ಅದನ್ನು ತಿದ್ದಿ ಬೇರೊಂದನ್ನು ಬರೆದ ಮೇಲೆ ಹಳೆಯದು ತಾನಾಗಿ ತಿರಸ್ಕೃತವಾಯಿತು ಎಂಬುದು. ಯುಕ್ತಿ ದುರ್ಬಲವಲ್ಲ. ಆದರೆ ೧೯೫೭ರಲ್ಲಿ ಲೀ ಅವರು ಅದನ್ನು ಪೂರ್ಣಗೊಳಿಸಿ, ಹೆಸರಿಟ್ಟು, ಪ್ರಕಾಶಕರಿಗೆ ಒಪ್ಪಿಸಿದ್ದರೆಂಬುದನ್ನು ಮರೆಯಲಾಗದು. ಬಚ್ಚಿಟ್ಟ ದಿನಚರಿಯಲ್ಲ ಅದು. ಒಮ್ಮೆ ಲೋಕದ ಮುಂದೆ ನಿಲ್ಲಲು ಹೊರಟು, ಬಾಗಿಲಲ್ಲಿ ತಡೆಯಲ್ಪಟ್ಟ ಬರಹ. ಹೊಸಬಳಾದ ತಾನು ಸಂಪಾದಕಿಯ ಮಾತನ್ನು ನಡೆಸಿದೆನೆಂಬ ಅರ್ಥದ ಹೇಳಿಕೆ ೨೦೧೫ರಲ್ಲಿ ಆಕೆಯ ಹೆಸರಿನಲ್ಲಿಯೇ ಬಂದಿತು.

ಆಕೆಯ ಹೆಸರಿನಲ್ಲಿ ಎಂದೆವು. ಈ ಪ್ರಸಂಗದ ನಿಜವಾದ ತೊಡಕು ಇಲ್ಲಿದೆ. ಆಗ ಆಕೆಗೆ ಎಂಬತ್ತೆಂಟು ವರ್ಷ. ೨೦೦೭ರಲ್ಲಿ ಪಾರ್ಶ್ವವಾಯು ತಗಲಿತ್ತು. ದೃಷ್ಟಿ, ಶ್ರವಣ ಎರಡೂ ಕುಂದಿದ್ದವು. ವೃದ್ಧರ ಆರೈಕೆಯ ಗೃಹವೊಂದರಲ್ಲಿದ್ದರು. ಜೀವನವಿಡೀ ಆಕೆಯ ವ್ಯವಹಾರವನ್ನು ಕಾಪಾಡಿದ ವಕೀಲೆ, ಅಕ್ಕ ಆಲಿಸ್ ಲೀ, ೨೦೧೪ರ ನವೆಂಬರಿನಲ್ಲಿ ನೂರಮೂರನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಮೂರು ತಿಂಗಳು ಕಳೆಯುವ ಮೊದಲೇ ಪುಸ್ತಕದ ಘೋಷಣೆ ಬಂದಿತು. ಪ್ರತಿ ದೊರೆತದ್ದು ೨೦೧೪ರಲ್ಲಿಯೇ, ೨೦೧೧ರಲ್ಲಿಯೇ ಎಂಬ ಬಗೆಗೂ ಪರಸ್ಪರ ವಿರುದ್ಧವಾದ ವೃತ್ತಾಂತಗಳು ಪತ್ರಿಕೆಗಳಲ್ಲಿ ಬಂದವು. ವೃದ್ಧೆಯ ಮೇಲೆ ಒತ್ತಾಯ ನಡೆದಿದೆಯೆಂಬ ದೂರನ್ನು ಆಲಬಾಮಾದ ಅಧಿಕಾರಿಗಳು ವಿಚಾರಿಸಿ, ಅದರಲ್ಲಿ ಹುರುಳಿಲ್ಲವೆಂದು ೨೦೧೫ರಲ್ಲಿ ಮುಗಿಸಿದರು. ಆ ನಿರ್ಣಯವನ್ನು ನಾವು ಗೌರವಿಸುತ್ತೇವೆ. ಆದರೂ ಸಮ್ಮತಿ ಎಂಬುದು ಹೌದು ಅಲ್ಲ ಎಂಬ ಎರಡು ಮಾತುಗಳಲ್ಲಿ ತೀರುವ ವಿಷಯವಲ್ಲ. ಯಾವ ರೂಪದಲ್ಲಿ, ಯಾವ ಹೆಸರಿನಲ್ಲಿ, ಯಾವ ಪೀಠಿಕೆಯೊಡನೆ ಪ್ರಕಟಿಸಲು ಸಮ್ಮತಿ ಎಂಬುದನ್ನೂ ಕೇಳಬೇಕು. ಹಾಗೆ ಕೇಳಿದ್ದಕ್ಕೆ ಪುಸ್ತಕದಲ್ಲಿ ಯಾವ ಗುರುತೂ ಇಲ್ಲ. ಒಪ್ಪಿದ ಲೇಖಕಿಯೊಬ್ಬಳು ಬದುಕಿರುವಾಗಲೇ, ಆಕೆಯಿಂದ ನಾಲ್ಕು ಸಾಲಿನ ಹೊಸ ಮುನ್ನುಡಿಯೂ ಇಲ್ಲದೆ ಅದು ಹೊರಬಂದದ್ದು ನಮಗಂತೂ ಸಮಾಧಾನ ತರುವುದಿಲ್ಲ. ೨೦೧೬ರ ಫೆಬ್ರವರಿಯಲ್ಲಿ ಆಕೆ ನಿಧನರಾದರು.

ಭಂಡಾರದಲ್ಲಿರುವುದೆಲ್ಲ ಬೆಳಕಿಗೆ ಬರಲೇಬೇಕು ಎಂಬ ಸೂತ್ರವನ್ನು ಹಿಡಿದು ವಾದಿಸುವವರು ನಮ್ಮಲ್ಲಿ ಮೂಡಬಿದಿರೆಯ ನಿದರ್ಶನವನ್ನು ಎತ್ತಬಹುದು. ಸಿದ್ಧಾಂತ ಬಸದಿಯಲ್ಲಿ ದರ್ಶನಕ್ಕೆ ಮಾತ್ರ ಮೀಸಲಾಗಿದ್ದ ಧವಲಾದಿ ಗ್ರಂಥಗಳ ಪ್ರತಿ ಹೊರಬಂದು, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ೧೯೩೯ರಿಂದ ಮೊದಲ್ಗೊಂಡು ಷಟ್ಖಂಡಾಗಮವು ೧೬ ಸಂಪುಟಗಳಲ್ಲಿ ಅಚ್ಚಾದದ್ದು ವಾಚಕರಿಗೆ ತಿಳಿದೇ ಇದೆ. ಆದರೆ ಹೋಲಿಕೆ ಅರ್ಧದಲ್ಲಿಯೇ ಮುರಿಯುತ್ತದೆ. ವೀರಸೇನಾಚಾರ್ಯರು ಟೀಕೆಯನ್ನು ಮುಗಿಸಿ ಪ್ರಶಸ್ತಿಯನ್ನು ಬರೆದಿದ್ದಾರೆ; ಕರ್ತೃವಿನ ಕಡೆಯಿಂದ ಗ್ರಂಥವು ಲೋಕಕ್ಕೆ ಒಪ್ಪಿಸಲ್ಪಟ್ಟಿತ್ತು, ತಡೆ ಇದ್ದದ್ದು ಭಕ್ತಿಯಿಂದ ಕಾದುಕೊಂಡವರ ಕಡೆಯಿಂದ. ಲೀ ಅವರ ಬರಹದಲ್ಲಿ ಕಾದುಕೊಂಡವರು ಬಾಗಿಲು ತೆರೆಯಲು ಆತುರಪಟ್ಟರು, ಪ್ರಶಸ್ತಿಯೇ ಸಂದೇಹಾಸ್ಪದ. ಹೋಲಿಕೆಯಲ್ಲಿ ಉಳಿಯುವ ಅಂಶ ಒಂದೇ: ಅಲ್ಲಿ ಪ್ರಕಟನೆಯೊಡನೆ ಪಾಠಸಂಶೋಧನೆ, ಪ್ರಸ್ತಾವನೆ, ಪರಿಶಿಷ್ಟಗಳು ಬಂದವು.

ಇನ್ನು ಬರಹದ ಯೋಗ್ಯತೆ. ಕಾದಂಬರಿಯಾಗಿ ‘ವಾಚ್‌ಮನ್’ ಅಪಕ್ವವೆಂಬುದರಲ್ಲಿ ಹೊಹಾಫ್ ಅವರ ನಿರ್ಣಯವೇ ನಮ್ಮದು. ಕೊನೆಯ ಭಾಗ ಚಿಕ್ಕಪ್ಪನೊಡನೆ, ತಂದೆಯೊಡನೆ ನಡೆಯುವ ದೀರ್ಘ ವಾದವಾಗಿ ಪರಿಣಮಿಸುತ್ತದೆ. ಪಾತ್ರಗಳು ಮಾತನಾಡುವುದಕ್ಕೆ ಬದಲಾಗಿ ಪಕ್ಷಗಳು ಮಾತನಾಡುತ್ತವೆ. ಬಾಲ್ಯದ ಪ್ರಸಂಗಗಳಲ್ಲಿ ಮಾತ್ರ ಮುಂದಿನ ಲೇಖಕಿಯ ಕೈ ಕಾಣಿಸುತ್ತದೆ. ಆದರೆ ಪರಿಷ್ಕರಣದಲ್ಲಿ ಲಾಭವೇ ಅಲ್ಲದೆ ನಷ್ಟವೂ ಆಯಿತೆಂಬುದನ್ನು ವಿಮರ್ಶಕರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಕರಡಿನ ಕಾಲ ೧೯೫೦ರ ದಶಕ. ಶಾಲೆಗಳಲ್ಲಿ ಜನಾಂಗ ಪ್ರತ್ಯೇಕತೆ ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೧೯೫೪ರಲ್ಲಿ ಕೊಟ್ಟ ತೀರ್ಪಿನ ಬೆನ್ನಲ್ಲೇ ದಕ್ಷಿಣದ ಊರೂರುಗಳಲ್ಲಿ ಬಿಳಿಯರ ಸಭೆಗಳು ಹುಟ್ಟಿಕೊಂಡ ಹೊತ್ತು. ನ್ಯಾಯಾಲಯದಲ್ಲಿ ಕರಿಯನಿಗೆ ನ್ಯಾಯ ಕೊಡಿಸಬಲ್ಲ ಸಜ್ಜನನೇ ಅವನೊಡನೆ ಸಮಾನನಾಗಿ ಕುಳಿತುಕೊಳ್ಳಲು ಏಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆ ಅಲ್ಲಿ ನೇರವಾಗಿದೆ. ಕಥೆಯನ್ನು ೧೯೩೦ರ ದಶಕಕ್ಕೆ, ಮಗುವಿನ ಕಣ್ಣಿಗೆ ಒಯ್ದಾಗ ಕಾದಂಬರಿಗೆ ಬಂಧ ಒದಗಿತು, ಪ್ರಶ್ನೆ ಹಿಂದೆ ಸರಿಯಿತು. ಮಗು ತಂದೆಯನ್ನು ಪೂಜಿಸಬಲ್ಲದು. ಪರೀಕ್ಷಿಸಲು ಬೆಳೆದ ಮಗಳೇ ಬೇಕು. ಲೀ ಅವರ ತಂದೆ ಅಮಾಸಾ ಕೋಲ್‌ಮನ್ ಲೀ ವಕೀಲರು, ಊರಿನ ಪತ್ರಿಕೆಯ ಸಂಪಾದಕರು. ಆಟಿಕಸ್‌ಗೆ ಅವರೇ ಮಾದರಿ. ಜೋಸೆಫ್ ಕ್ರೆಸ್ಪಿನೊ ಎಂಬ ಇತಿಹಾಸಕಾರರು ಆ ಪತ್ರಿಕೆಯ ಸಂಪಾದಕೀಯಗಳನ್ನೂ ಎರಡು ಕಾದಂಬರಿಗಳನ್ನೂ ಒಟ್ಟಿಗಿಟ್ಟು ೨೦೧೮ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ್ದಾರೆ. ಕರಡು ಪೆಟ್ಟಿಗೆಯಲ್ಲಿಯೇ ಉಳಿದಿದ್ದರೆ ಆ ಅಧ್ಯಯನ ಆ ರೂಪದಲ್ಲಿ ಸಾಧ್ಯವಾಗುತ್ತಿರಲಿಲ್ಲ. ಪ್ರಿಯವಾದ ಮೂರ್ತಿಗೆ ಕಲೆ ತಗಲುತ್ತದೆಂಬ ಭಯದಿಂದ ಆಕರವನ್ನು ಮುಚ್ಚಿಡುವುದು ಸಂಶೋಧಕರಿಗೆ ಸಲ್ಲದ ಮಾತು.

ಆದ್ದರಿಂದ ಪ್ರಕಟನೆ ಯುಕ್ತ, ಪ್ರಕಟಿಸಿದ ರೀತಿ ಅಯುಕ್ತ. ಇದನ್ನು ಸರಿಪಡಿಸುವ ಕಾಲ ಮೀರಿಲ್ಲ. ೨೦೨೫ರ ಅಕ್ಟೋಬರಿನಲ್ಲಿ ಆಕೆಯ ಅಪ್ರಕಟಿತವಾಗಿದ್ದ ಎಂಟು ಆರಂಭಕಾಲದ ಸಣ್ಣಕಥೆಗಳು ಬಿಡಿ ಲೇಖನಗಳೊಡನೆ ಸಂಕಲನವಾಗಿ ಬಂದಿರುವುದನ್ನು ನೋಡಿದರೆ ಪೆಟ್ಟಿಗೆಗಳು ಇನ್ನೂ ತೆರೆಯುತ್ತಲೇ ಇವೆ. ‘ವಾಚ್‌ಮನ್’ ಪಠ್ಯವನ್ನು ಒಂದು ಪುಟದಲ್ಲಿಯೂ ‘ಮಾಕಿಂಗ್‌ಬರ್ಡ್’ ಪಠ್ಯದ ಸಮಾನ ಭಾಗಗಳನ್ನು ಎದುರು ಪುಟದಲ್ಲಿಯೂ ಇಟ್ಟು, ಬೆರಳಚ್ಚು ಪ್ರತಿಯ ವರ್ಣನೆ, ಪ್ರತಿನಿಧಿಗಳ ದಾಖಲೆಯ ದಿನಾಂಕಗಳು, ಸಂಪಾದಕಿಯ ಸೂಚನೆಗಳಲ್ಲಿ ಉಳಿದಿರುವಷ್ಟು, ಇವನ್ನೆಲ್ಲ ಕೂಡಿಸಿ ಒಂದು ವಿಮರ್ಶಾತ್ಮಕ ಆವೃತ್ತಿ ಸಿದ್ಧವಾಗಬೇಕು. ಟಾಮ್ ರಾಬಿನ್ಸನ್ನನ ಪ್ರಕರಣ ಬಿಡುಗಡೆಯಿಂದ ಶಿಕ್ಷೆಗೆ ತಿರುಗಿದ್ದು ಪರಿಷ್ಕರಣದ ಯಾವ ಹಂತದಲ್ಲಿ, ಅದು ಲೇಖಕಿಗೆ ತಾನಾಗಿ ಹೊಳೆದದ್ದೋ ಹೊಹಾಫ್ ಅವರ ಸೂಚನೆಯೋ ಎಂಬುದನ್ನು ಅಂಥ ಆವೃತ್ತಿಯಲ್ಲಿ ಮೊಟ್ಟಮೊದಲು ವಿಚಾರಿಸಬೇಕಾಗುತ್ತದೆ.