ಅಜ್ಜಿಯ ಕಥೆ, ಬೇರೆಯವರ ಪೋಸ್ಟರ್

2021ರ ಮಾರ್ಚ್‌ನಲ್ಲಿ ಬಂದ ತಮಿಳಿನ ‘ಎಂಜಾಯ್ ಎಂಜಾಮಿ’ ದೇಶಕ್ಕೆಲ್ಲ ಕುಣಿಯುವ ಹಾಡು. ನೀಲಗಿರಿಯ ಗೂಡಲೂರು, ಪಂದಲೂರು, ಕೋತಗಿರಿಯ ಚಹಾ ತೋಟಗಳ ಲೈನ್ ಮನೆಗಳವರಿಗೆ ಅದರೊಳಗಿನ ಕಥೆ ಹೊಸದಲ್ಲ. ರ‍್ಯಾಪರ್ ಅರಿವು ಅದರಲ್ಲಿ ನೆನೆಯುವುದು ತನ್ನ ಅಜ್ಜಿ ವಳ್ಳಿಯಮ್ಮಾಳ್ ಅವರನ್ನು, ಸಿಲೋನಿನ ಚಹಾ ತೋಟದಲ್ಲಿ ದುಡಿದೂ ತುಂಡು ಭೂಮಿ ಕಾಣದೆ ಮರಳಿದ ತಲೆಮಾರನ್ನು. ಭಾರತ–ಸಿಲೋನ್ ನಡುವಿನ 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಹಾಗೆ ಬಂದವರಿಗಾಗಿಯೇ ತಮಿಳುನಾಡು ಸರ್ಕಾರ 1968ರಲ್ಲಿ ನೀಲಗಿರಿಯಲ್ಲಿ ಚಹಾ ಬೆಳೆಸಲು ಹೊರಟಿತು; ಇಂದಿನ ‘ಟ್ಯಾನ್‌ಟೀ’ ಹುಟ್ಟಿದ್ದು ಅಲ್ಲಿಂದ. ಕರ್ನಾಟಕದ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೂ ಅವರಲ್ಲಿ ಅನೇಕರು ಬಂದು ಸೇರಿದರು.

ಸಾವಿನ ಮನೆಯ ಒಪ್ಪಾರಿಯ ದನಿಯನ್ನು ರ‍್ಯಾಪ್‌ಗೆ ಬೆರೆಸಿದ್ದೇ ಆ ಹಾಡಿನ ಶಕ್ತಿ. ಪೇಟೆ ಅದನ್ನು ಕೂಡಲೇ ಗುರುತಿಸಿತು, ಹಾಡಿದವನನ್ನು ಮಾತ್ರ ಗುರುತಿಸಲಿಲ್ಲ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ರಿಮಿಕ್ಸ್‌ನ ಜಾಹೀರಾತು ಮಿನುಗಿತು, ಅರಿವು ಇರಲಿಲ್ಲ. 2021ರ ಆಗಸ್ಟ್‌ನಲ್ಲಿ ‘ರೋಲಿಂಗ್ ಸ್ಟೋನ್ ಇಂಡಿಯಾ’ ಮುಖಪುಟಕ್ಕೆ ಬಂದವರು ಅರಿವು ಜೊತೆ ಈ ಹಾಡು ಹಾಡಿದ ಧೀ ಮತ್ತು ಇನ್ನೊಬ್ಬ ರ‍್ಯಾಪರ್ ಶಾನ್ ವಿನ್ಸೆಂಟ್ ಡಿ ಪಾಲ್. ನಿರ್ದೇಶಕ ಪಾ. ರಂಜಿತ್ ದನಿಯೆತ್ತಿದ ಮೇಲೆ ಅರಿವು ಅವರಿಗೂ ಡಿಜಿಟಲ್ ಮುಖಪುಟ ಸಿಕ್ಕಿತು. 2022ರಲ್ಲಿ ಚೆನ್ನೈನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲೂ ಅವರಿಲ್ಲದೆಯೇ ಹಾಡು ಮೊಳಗಿತು. ರಾಗ ಯಾರದು ಎಂಬುದರ ಮೇಲೆ ಹಾಡಿನ ಸಂಗೀತಗಾರ ಸಂತೋಷ್ ನಾರಾಯಣನ್ ಮತ್ತು ಅರಿವು ಬಹಿರಂಗವಾಗಿಯೇ ವಾದಿಸಿದರು. ಹಾಡು ಧೀ ಸೇರಿ ಮೂವರದು ಎಂದೇ ಇಟ್ಟುಕೊಳ್ಳೋಣ, ಅಜ್ಜಿ ಮೂವರದಲ್ಲ.

ಹಿಪ್‌ಹಾಪ್‌ಗೆ ಪೇಟೆಯೊಂದಿಗಿನ ವ್ಯಾಪಾರ ಹೊಸದೇನಲ್ಲ. 1986ರಲ್ಲಿ ರನ್‌-ಡಿಎಂಸಿ ತಂಡ ಅಡಿಡಾಸ್ ಶೂಗಳ ಮೇಲೆ ಹಾಡು ಕಟ್ಟಿ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪ್ರೇಕ್ಷಕರಿಂದ ಶೂ ಎತ್ತಿಸಿತು. ಕಂಪನಿಯ ಅಧಿಕಾರಿ ಅಲ್ಲೇ ಇದ್ದರು, ಒಪ್ಪಂದವಾಯಿತು. ಕನಿಷ್ಠ ಅಲ್ಲಿ ಹಾಡಿದವರ ಕಾಲಲ್ಲೇ ಆ ಶೂ ಇತ್ತು.

ಇತ್ತ ಕನ್ನಡ ರ‍್ಯಾಪ್ ಜನಪ್ರಿಯವಾದದ್ದು ಪಾರ್ಟಿ ಹಾಡುಗಳ ದಾರಿಯಲ್ಲಿ. ಚಂದನ್ ಶೆಟ್ಟಿಯವರ ‘ಮೂರೇ ಮೂರು ಪೆಗ್ಗಿಗೆ’ ಮದುವೆ ಮನೆಗಳನ್ನು ಹೊಕ್ಕಿತು, 2018ರಲ್ಲಿ ಬಿಗ್‌ಬಾಸ್ ಗೆಲುವೂ ಬಂತು. 2020ರ ಆಗಸ್ಟ್‌ನಲ್ಲಿ ಅವರು ‘ಕೋಲುಮಂಡೆ’ಗೆ ಕೈಹಾಕಿದರು. ಅದು ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಹಾಡು, ನೀಲಗಿರಿಗೆ ತಾಗಿದ ಚಾಮರಾಜನಗರದ ಕಂಸಾಳೆಯವರ ಬಾಯಲ್ಲಿ ಬೆಳೆದದ್ದು. ಆ ಹಾಡಿನ ಕಥೆಯ ಶರಣೆ ಸಂಕಮ್ಮನನ್ನು ವಿಡಿಯೊದಲ್ಲಿ ತೋರಿಸಿದ ರೀತಿಗೆ ಭಕ್ತರು ಕೆರಳಿದರು. ಚಂದನ್ ಕ್ಷಮೆ ಕೇಳಿದರು, ವಿಡಿಯೊ ಯೂಟ್ಯೂಬ್‌ನಿಂದ ಇಳಿಯಿತು. ಚರ್ಚೆಯೆಲ್ಲ ಭಕ್ತಿ, ಅಶ್ಲೀಲತೆಗಳ ಸುತ್ತಲೇ ತಿರುಗಿ ಅಲ್ಲೇ ನಿಂತಿತು. ತಲೆತಲಾಂತರದಿಂದ ಕಂಚಿನ ತಾಳ ಹಿಡಿದು ಹಾಡಿದವರಿಗೆ ಅದರಲ್ಲಿ ಪಾಲೆಷ್ಟು ಎಂಬ ಪ್ರಶ್ನೆ ಬದಿಗೆ ಸರಿಯಿತು. ಅರಿವು ಅಜ್ಜಿಯ ಬದುಕಿನೊಳಗಿಂದ ಮಾತಾಡುತ್ತಾರೆ. ‘ಕೋಲುಮಂಡೆ’ ಬೆಟ್ಟದಿಂದ ತಂದದ್ದು ಪಲ್ಲವಿಯ ನಾದವನ್ನಷ್ಟೇ. ವಿಡಿಯೊ ಅಶ್ಲೀಲವೆನ್ನುವುದಕ್ಕಿಂತ ಇದೇ ದೊಡ್ಡ ಕೊರತೆ.

ಹಾಗೆಂದು ಒಳಗಿಂದ ಮಾತಾಡಿದವರಿಗೆ ಪೇಟೆ ಬೆಲೆ ತೆತ್ತಿತೇ? 2024ರ ಮಾರ್ಚ್‌ನಲ್ಲಿ ಸಂತೋಷ್ ನಾರಾಯಣನ್ ವಿಡಿಯೊ ಹಾಕಿ, ಕೋಟಿಗಟ್ಟಲೆ ಸಲ ನೋಡಿಸಿಕೊಂಡ ‘ಎಂಜಾಯ್ ಎಂಜಾಮಿ’ಯಿಂದ ತಮಗಾಗಲಿ, ಧೀಗಾಗಲಿ, ಅರಿವುಗಾಗಲಿ ಚಿಕ್ಕಾಸೂ ಬಂದಿಲ್ಲ ಎಂದರು. ಪೋಸ್ಟರ್‌ನಲ್ಲಿ ಬೇರೆಯಾಗಿದ್ದ ಮೂವರೂ ಲೆಕ್ಕದ ಪುಸ್ತಕದಲ್ಲಿ ಒಂದೇ ಸಾಲಿಗೆ ಬಂದಿದ್ದರು.